ಬೇಸಿಗೆಯ ಪ್ರವಾಸಕ್ಕೆ ಒಂದು ಕಂಬಳಿ

ಬಂಟ್ವಾಳ,
ಶನಿವಾರ, ೨೩ ಮಾರ್ಚ್ ೧೯೬೩

ಪ್ರೀತಿಯ ಅಮ್ಮಾ,

ನಿಮಗೆ ದಮಯಂತಿಯ ನಮಸ್ಕಾರಗಳು. ನಿಮ್ಮನ್ನು ಏನೆಂದು ಕರೆಯುವುದೆಂದು ತಿಳಿಯದೆ ಆಗಲೇ ಎರಡು ಹಾಳೆ ಹರಿದು ಹಾಕಿದೆ. ಇವರಿಗೆ ನೀವು ಅತ್ತೆ, ಮಕ್ಕಳಿಗೆ ಅಜ್ಜಿ. ಗಂಡನ ಮೊದಲ ಹೆಂಡತಿಯ ತಾಯಿ ನನಗೆ ಏನಾಗಬೇಕು? ಕೊನೆಗೆ ನಮ್ಮ ಪೂವಮ್ಮತ್ತೆಯನ್ನೇ ಕೇಳಿದೆ. ಅವರು ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಿದ್ದ ಬೆರಳನ್ನು ಹಾಗೆಯೇ ಹಿಡಿದುಕೊಂಡು ಬಹಳ ಯೋಚಿಸಿ, “ಅದಕ್ಕೆಲ್ಲ ಒಂದು ಹೆಸರು ಇಲ್ಲ ಮಾರಾಯ್ತಿ. ಅಮ್ಮ ಅಂತ ಬರಿ, ಯಾರೂ ಜಗಳಕ್ಕೆ ಬರುವುದಿಲ್ಲ” ಎಂದರು. ಹಾಗಾಗಿ ಅಮ್ಮಾ ಎಂದೇ ಶುರು ಮಾಡಿದ್ದೇನೆ. ನಿಮಗೆ ಕಾಗದ ಓದಿ ಹೇಳುವುದು ನಿಮ್ಮ ಮಗ ಧರ್ಣಪ್ಪಣ್ಣ ಎಂದು ಮಕ್ಕಳು ಹೇಳಿದ್ದಾರೆ. ಧರ್ಣಪ್ಪಣ್ಣ, ನಿಮಗೂ ನಮಸ್ಕಾರ. ದಯವಿಟ್ಟು ಒಂದು ಸಾಲನ್ನೂ ಹಾರಿಸಬೇಡಿ. ನನ್ನ ಅಕ್ಷರ ಕಷ್ಟವೆಂದು ಗೊತ್ತು; ಕಾನ್ವೆಂಟಿನ ಸಿಸ್ಟರುಗಳು ನನಗೆ ಇಂಗ್ಲಿಷ್ ಅಕ್ಷರವನ್ನು ಮುತ್ತಿನಂತೆ ತಿದ್ದಿಸಿದರು, ಕನ್ನಡವನ್ನು ಅದರ ಪಾಡಿಗೆ ಬಿಟ್ಟರು.

ನಿಮ್ಮ ಮೊಣಕಾಲು ನೋವು ಈಗ ಹೇಗಿದೆ ಅಮ್ಮಾ? ಕಳೆದ ತಿಂಗಳು ನಿಮ್ಮಲ್ಲಿಗೆ ಹೋಗಿ ಬಂದ ನಮ್ಮ ಪುಟ್ಟ ಲೋಕು ನೀವು ನಡೆಯುವ ರೀತಿಯನ್ನು ಚಾವಡಿಯ ಈ ಕೊನೆಯಿಂದ ಆ ಕೊನೆಯವರೆಗೆ ಮಾಡಿ ತೋರಿಸಿದ. ಒಂದು ಕೈ ಸೊಂಟದ ಮೇಲೆ, ಇನ್ನೊಂದು ಗೋಡೆಯ ಮೇಲೆ, ಬಾಯಲ್ಲಿ “ಅಯ್ಯೋ ದೇವರೇ, ಅಯ್ಯೋ ದೇವರೇ”. ನಗಬಾರದೆಂದುಕೊಂಡರೂ ನಕ್ಕುಬಿಟ್ಟೆವು. ಆಗ ಅವನ ಅಕ್ಕ ಸುಗಂಧಿ ಎದ್ದು, “ಕೆರೆ ಅಜ್ಜಿಗೆ ನಿಜವಾಗಿ ನೋವುಂಟು, ನಗುವಂಥದ್ದು ಎಂತ?” ಎಂದು ಗದರಿದಳು. ಒಂಬತ್ತು ವರ್ಷದ ಹುಡುಗಿಯ ಎದುರು ನಾವು ಮೂರು ಮಂದಿ ದೊಡ್ಡವರು ತಲೆ ತಗ್ಗಿಸಿದೆವು. ಗುರುವಾಯನಕೆರೆ ಎಂದು ಪೂರ್ತಿ ಹೇಳುವ ತಾಳ್ಮೆ ಇಲ್ಲದೆ ಮಕ್ಕಳಿಗೆ ನೀವು ಕೆರೆ ಅಜ್ಜಿ, ಪೂವಮ್ಮತ್ತೆ ಮನೆ ಅಜ್ಜಿ. ಮೂಡಬಿದಿರೆಯ ನನ್ನ ತವರಿನ ಹತ್ತಿರ ಒಬ್ಬರು ಪಂಡಿತರು ಗಂಟು ನೋವಿಗೆ ತೈಲ ಕಾಯಿಸುತ್ತಾರೆ. ತರಿಸಿ ಇಟ್ಟಿದ್ದೇನೆ. ಕಳುಹಿಸಿದರೆ ದಾರಿಯಲ್ಲಿ ಚೆಲ್ಲೀತು, ಕೈಯಲ್ಲೇ ಕೊಡಬೇಕೆಂದು ಆಸೆ. ಯಾವಾಗ, ಹೇಗೆ ಎಂಬುದನ್ನು ಕೆಳಗೆ ಬರೆಯುತ್ತೇನೆ.

ನಮ್ಮ ಮದುವೆಗೆ ನೀವು ಬರಲಿಲ್ಲ. ಮಗಳು ಓಡಾಡಿದ ಮನೆಗೆ ಇನ್ನೊಬ್ಬಳು ಅಕ್ಕಿ ಸೇರು ಒದ್ದು ಒಳಗೆ ಬರುವುದನ್ನು ನೋಡಲು ಯಾವ ತಾಯಿಗೆ ಮನಸ್ಸು ಬಂದೀತು? ನನ್ನ ಅಮ್ಮನೂ ಅದನ್ನೇ ಹೇಳಿದರು. ಧರ್ಣಪ್ಪಣ್ಣ ಬಂದಿದ್ದರು. ಹೊಸ ಮದುಮಗಳು ಒಂದು ಸುತ್ತಾದರೂ ಬಡಿಸಬೇಕೆಂದು ನನ್ನ ಕೈಗೆ ಪಾಯಸದ ಸೌಟು ಕೊಟ್ಟಿದ್ದರು. ನಾನು ಅವರ ಎಲೆಯ ಮುಂದೆ ಬಂದಾಗಲೇ ಅವರು ಇವರಿಗೆ ಹೇಳಿದರು: “ಪರೀಕ್ಷೆ ಒಂದು ಮುಗಿಯಲಿ ಜತ್ತಪ್ಪ ಭಾವ. ಜೂನಿನಿಂದ ಮಕ್ಕಳು ನಮ್ಮಲ್ಲಿ. ನಮ್ಮ ಮನೆಯ ಮಕ್ಕಳು ಚಿಕ್ಕಮ್ಮನ ಕೈ ನೋಡಿಕೊಂಡು ಇರುವುದು ಬೇಡ.” ಧರ್ಣಪ್ಪಣ್ಣ, ಆ ದಿನ ನಿಮ್ಮ ಎಲೆಗೆ ಅಷ್ಟೊಂದು ಪಾಯಸ ಬಿದ್ದದ್ದು ಮರ್ಯಾದೆಗೆಂದು ನೀವು ತಿಳಿದಿರಬಹುದು. ಆ ಮಾತು ಕೇಳುತ್ತಾ ಎಷ್ಟು ಸೌಟು ಬಡಿಸಿದೆನೆಂದು ನನಗೇ ಗೊತ್ತಾಗಲಿಲ್ಲ. ನಮ್ಮ ಅಳಿಯಕಟ್ಟಿನಲ್ಲಿ ಮಕ್ಕಳು ತಾಯಿಯ ಮನೆಗೆ ಸೇರಿದವರು, ಅವರ ಮಾತು ಆಡಬೇಕಾದವರು ಅಜ್ಜಿ ಮತ್ತು ಸೋದರಮಾವ ಎಂದು ನನಗೂ ಗೊತ್ತು. ನಾನೂ ಅದೇ ಕಟ್ಟಿನಲ್ಲಿ ಹುಟ್ಟಿ ಬೆಳೆದವಳು. ಅದಕ್ಕೇ, ಮಕ್ಕಳನ್ನು ಘಟ್ಟ ಹತ್ತಿಸುವ ಮೊದಲು ನಿಮ್ಮ ಅಪ್ಪಣೆ ಬೇಕೆಂದು ಈ ಕಾಗದ. ಇವರು ತಾನೇ ಬರೆಯುತ್ತೇನೆ ಎಂದರು. ಇವರು ಬರೆದರೆ ತಾಲೂಕು ಕಚೇರಿಯ ನೋಟೀಸಿನ ಹಾಗೆ ಇರುತ್ತದೆ, ನಾನೇ ಬರೆಯುತ್ತೇನೆ ಎಂದು ಪೆನ್ನು ಕಿತ್ತುಕೊಂಡೆ.

ಈಗ ಸುದ್ದಿ ಕೇಳಿ! ಮುಂದಿನ ತಿಂಗಳು ಬಿಸು ಹಬ್ಬ ಕಳೆದ ಮೇಲೆ ನಾವು ಮಕ್ಕಳನ್ನು ಕರೆದುಕೊಂಡು ಮೈಸೂರಿಗೂ ಕನ್ನಂಬಾಡಿಗೂ ಹೋಗಬೇಕೆಂದಿದ್ದೇವೆ. ಮದುವೆ ಇಲ್ಲ, ಹರಕೆ ಇಲ್ಲ, ಕೋರ್ಟು ಇಲ್ಲ, ಯಾರಿಗೂ ಕಾಯಿಲೆ ಇಲ್ಲ. ಸುಮ್ಮನೆ, ಸಂತೋಷಕ್ಕೆ! ಕನ್ನಂಬಾಡಿಯಲ್ಲಿ ಕಾವೇರಿಗೆ ದೊಡ್ಡ ಕಟ್ಟೆ ಕಟ್ಟಿದ್ದಾರಲ್ಲ, ಅದರ ಬುಡದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಒಂದು ಹೂದೋಟ. ಅಲ್ಲಿ ನೀರು ಕೆಳಗಿನಿಂದ ಮೇಲಕ್ಕೆ ಚಿಮ್ಮುತ್ತದೆ. ಸಂಜೆಯಾದರೆ ಆ ಕಾರಂಜಿಗಳಿಗೆಲ್ಲ ಬಣ್ಣದ ದೀಪ ಹಾಕುತ್ತಾರೆ. ತೋಟದ ಮಗ್ಗುಲಲ್ಲೇ ಹೋಟೆಲು ಇದೆ. ಊಟ ಮಾಡಿ ಎದ್ದು ಹೋಗುವ ಹೋಟೆಲಲ್ಲ, ಮಲಗಿ ಏಳುವ ಹೋಟೆಲು. ಕಿಟಕಿ ತೆರೆದರೆ ಕಾರಂಜಿ! ನನಗೆ ನೆನೆಸಿಕೊಂಡರೇ ನಿದ್ದೆ ಹಾರಿಹೋಗುತ್ತದೆ. ಇವರು, “ಲೋಕುವನ್ನು ಸುಧಾರಿಸಬಹುದು, ನಿನ್ನನ್ನು ಹೇಗೆ ಸುಧಾರಿಸುವುದು?” ಎಂದು ಕೇಳುತ್ತಾರೆ.

ಇದಕ್ಕೆಲ್ಲ ಕಾರಣ ಪೇಟೆಯ ಅಬ್ದುಲ್ ರವೂಫ್ ಸಾಹೇಬರ ಬಟ್ಟೆಯಂಗಡಿಯ ಕ್ಯಾಲೆಂಡರು. ಸುಗಂಧಿಗೆ ಲಂಗದ ಬಟ್ಟೆ ತೆಗೆಯಲು ಹೋದಾಗ ಲೋಕು ಅದರ ಮುಂದೆ ಬಾಯಿ ತೆರೆದು ನಿಂತುಬಿಟ್ಟ. ಕೆಂಪು, ಹಸಿರು, ಹಳದಿ ನೀರಿನ ಚಿತ್ರ. ಹುಟ್ಟಿದಾಗಿನಿಂದ ಮನೆಯ ಹಿಂದಿನ ನೇತ್ರಾವತಿಯನ್ನೇ ನೋಡಿದವನು. ಅವನಿಗೆ ಗೊತ್ತಿರುವುದು ಬೇಸಿಗೆಯ ನೀರಿನ ಬಣ್ಣ ಒಂದು, ಮಳೆಗಾಲದ ಕೆಸರಿನ ಬಣ್ಣ ಒಂದು. ಸಾಹೇಬರು ವ್ಯಾಪಾರಕ್ಕೆ ಮೈಸೂರಿಗೆ ಹೋಗುವವರು, ಗಜಕೋಲನ್ನು ಬದಿಗಿಟ್ಟು, “ಅದು ಸುಳ್ಳಲ್ಲ ಪುಟ್ಟಾ, ನಾನು ನನ್ನ ಈ ಎರಡು ಕಣ್ಣಿನಲ್ಲಿ ನೋಡಿದ್ದುಂಟು. ಕೆಂಪು ನೀರು ಅಂದರೆ ಕುಂಕುಮ ಕಲಸಿದ ಹಾಗೆ!” ಎಂದರು. ಅಷ್ಟೇ ಸಾಕಾಯಿತು. ಮನೆಗೆ ಬಂದವನು ತನ್ನ ಬಿಳಿ ಅಂಗಿಯನ್ನು ಮಡಚಿ ತಲೆದಿಂಬಿನ ಕೆಳಗಿಟ್ಟ. ಕನ್ನಂಬಾಡಿಗೆ ಹೋದಾಗ ಕೆಂಪು ನೀರಿನಲ್ಲಿ ಅದ್ದಿ ತರುತ್ತಾನಂತೆ. ಅದು ನೀರಿನ ಬಣ್ಣವಲ್ಲ, ದೀಪದ ಬಣ್ಣ ಎಂದು ಹೇಳಲು ನಾನು ಬಾಯಿ ತೆರೆದೆ. ಅವನ ಮುಖ ನೋಡಿ ಮುಚ್ಚಿಕೊಂಡೆ. ನೀವಾಗಿದ್ದರೆ ಹೇಳುತ್ತಿದ್ದಿರಾ ಅಮ್ಮಾ? ಐದು ವರ್ಷದವನಿಗೆ?

ಆದರೆ ನಮ್ಮ ಪೂವಮ್ಮತ್ತೆ! ಮೊದಲು ಅವರ ತಲೆಗೆ ಇದು ಹೋಗಲೇ ಇಲ್ಲ. “ದೇವಸ್ಥಾನ ಉಂಟಾ ಅಲ್ಲಿ?” “ಇಲ್ಲ ಅತ್ತೆ.” “ನೆಂಟರು?” “ಇಲ್ಲ.” “ಮತ್ತೆ ಎಂತಕ್ಕೆ ಹೋಗುವುದು? ನೀರು ನೋಡಲಿಕ್ಕಾ? ಹಿತ್ತಿಲಿಗೆ ಹೋಗಿ ನೋಡು, ಆಷಾಢದಲ್ಲಿ ಅಡುಗೆ ಕೋಣೆಗೇ ಬರುತ್ತದೆ.” ಮೂರು ದಿನ ಇದೇ ಆಯಿತು. ಇವರು ಪೇಪರಿನ ಹಿಂದೆ ಅಡಗಿ ಕುಳಿತರು. ನಾಲ್ಕನೆಯ ದಿನ ನನಗೆ ಎಲ್ಲಿಂದ ಹೊಳೆಯಿತೋ, “ಅತ್ತೆ, ಅದು ಕಾವೇರಿ” ಎಂದೆ. ಅವರು ಕುಡುಪು ಬುಟ್ಟಿಯಲ್ಲಿದ್ದ ಅಕ್ಕಿಯನ್ನು ಹಾಗೆಯೇ ಬಿಟ್ಟು ಎದ್ದು ನಿಂತರು. “ಕಾವೇರಿಯಾ? ಅದನ್ನು ಮೊದಲೇ ಹೇಳಲಿಕ್ಕೆ ನಿನಗೆ ಬಾಯಿ ಇರಲಿಲ್ವಾ? ತೀರ್ಥಕ್ಕೆ ಹೋಗುವವರು ಯಾರಾದರೂ ಹೂದೋಟ, ಹೋಟೆಲು ಅಂತ ಹೇಳ್ತಾರಾ!” ಆ ಕ್ಷಣದಿಂದ ನಮ್ಮ ಪ್ರವಾಸ ಕಾವೇರಿ ತೀರ್ಥಯಾತ್ರೆಯಾಗಿಹೋಯಿತು. ಮರುದಿನ ಬೆಳಿಗ್ಗೆ ಮೊದಲ ಬಾಟಲಿ ಬಂತು.

ಹೌದು ಅಮ್ಮಾ, ಬಾಟಲಿ. ಯಾತ್ರೆಗೆ ಹೋಗುವವರು ನೆರೆಹೊರೆಗೆಲ್ಲ ತೀರ್ಥ ತಂದುಕೊಡಬೇಕಲ್ಲವೇ? ಪೂವಮ್ಮತ್ತೆ ಬಾವಿಕಟ್ಟೆಯ ಹತ್ತಿರ ಒಂದು ಮಾತು ಹೇಳಿದ್ದಾರೆ, ಅಷ್ಟೇ. ಔಷಧಿ ಬಾಟಲಿ, ಶಾಯಿ ಬಾಟಲಿ, ಹರಳೆಣ್ಣೆ ಬಾಟಲಿ, ಒಂದು ಸಣ್ಣ ತಾಮ್ರದ ಗಿಂಡಿ. ಎಲ್ಲವನ್ನೂ ಸುಗಂಧಿ ಬೂದಿ ಹಾಕಿ ತೊಳೆದು ಬಿಸಿಲಿಗೆ ಕವುಚಿ ಹಾಕಿದ್ದಾಳೆ. ನಮ್ಮ ಜಗಲಿ ಈಗ ಔಷಧದ ಅಂಗಡಿಯ ಹಾಗೆ ಕಾಣುತ್ತದೆ. ಇದು ಸಾಲದೆಂದು ಲೋಕು ಬಂದವರಿಗೆಲ್ಲ, “ನಿಮಗೆ ಯಾವ ಬಣ್ಣ ಬೇಕು?” ಎಂದು ಕೇಳಲು ಶುರು ಮಾಡಿದ. ಎದುರು ಮನೆಯ ಡೊಂಬಯ್ಯಜ್ಜ ಗಾಬರಿಯಾಗಿ ಪೂವಮ್ಮತ್ತೆಯ ಹತ್ತಿರ, “ಕಾವೇರಿ ತೀರ್ಥದಲ್ಲಿ ಬಣ್ಣ ಉಂಟಾ ಪೂವಕ್ಕ?” ಎಂದು ಕೇಳಿದರಂತೆ. ಅತ್ತೆಗೆ ಗೊತ್ತಿಲ್ಲ ಎನ್ನುವ ಅಭ್ಯಾಸವಿಲ್ಲ. “ಹೊತ್ತಿಗೆ ಸರಿಯಾಗಿ ಬಣ್ಣ ಬದಲಾಗುತ್ತದೆ. ಪುಣ್ಯ ಇದ್ದವರಿಗೆ ಕಾಣುತ್ತದೆ” ಎಂದುಬಿಟ್ಟರು. ಡೊಂಬಯ್ಯಜ್ಜ ತನಗೆ ಹಳದಿ ಸಾಕೆಂದು ಹೇಳಿ ಹೋಗಿದ್ದಾರೆ! ರವೂಫ್ ಸಾಹೇಬರ ಮನೆಯ ರುಖಿಯಮ್ಮನವರು ಬಾಟಲಿ ಕಳುಹಿಸಲಿಲ್ಲ, ದಾರಿಯಲ್ಲಿ ಮಕ್ಕಳಿಗಿರಲಿ ಎಂದು ತುಪ್ಪದ ತಿಂಡಿ ಮಾಡಿಕೊಡುತ್ತೇನೆಂದು ಹೇಳಿ ಕಳುಹಿಸಿದ್ದಾರೆ. ನಿಮಗೆ ಲೋಕು ಹಸಿರು ಆರಿಸಿಟ್ಟಿದ್ದಾನೆ. ಕೆರೆ ಅಜ್ಜಿಯ ಕೆರೆಯೂ ಹಸಿರಲ್ಲವೇ, ಕಡಿಮೆಯಾದರೆ ಅದಕ್ಕೇ ಸೇರಿಸಿಕೊಳ್ಳಬಹುದು ಎಂಬುದು ಅವನ ಲೆಕ್ಕಾಚಾರ.

ಹೋಟೆಲಿಗೆ ನಾನೇ ಇಂಗ್ಲಿಷಿನಲ್ಲಿ ಕಾಗದ ಬರೆದೆ. ಕಾನ್ವೆಂಟಿನಲ್ಲಿ ಕಲಿತದ್ದು ಈ ಮನೆಯಲ್ಲಿ ಮೊದಲ ಬಾರಿ ಉಪಯೋಗಕ್ಕೆ ಬಂತು. ಬಾಗಿಲು ಯಾವ ಕಡೆ, ಕೆಳಗಿನ ಕೋಣೆ ಸಿಗುತ್ತದೆಯೇ, ಮಕ್ಕಳಿಗೆ ಗಂಜಿ ಮಾಡಿಕೊಡುತ್ತಾರೆಯೇ ಎಂದೆಲ್ಲ ಕೇಳಿದೆ. ಹದಿನೈದು ದಿನ ಅಂಚೆಯವನನ್ನು ಗೇಟಿನ ಹತ್ತಿರವೇ ಹಿಡಿದು ನಿಲ್ಲಿಸಿದೆ. ಕೊನೆಗೆ ಉತ್ತರ ಬಂತು, ದಪ್ಪ ಕಾಗದ, ಟೈಪು ಮಾಡಿದ್ದು, ‘ಡಿಯರ್ ಸರ್’ ಎಂದು! ಇವರು ಎರಡು ದಿನ ನನ್ನನ್ನು ಸರ್ ಎಂದೇ ಕರೆದರು. ಕೋಣೆ ಇದೆಯಂತೆ, ಮಕ್ಕಳಿಗೆ ಹಾಸಿಗೆ ಹಾಕಿಕೊಡುತ್ತಾರಂತೆ, ಗಂಜಿಯ ಬಗ್ಗೆ ಮಾತಿಲ್ಲ. ನಾವು ಅಕ್ಕಿಯನ್ನೂ ಉಪ್ಪಿನಕಾಯಿಯನ್ನೂ ಕಟ್ಟಿಕೊಂಡೇ ಹೋಗುವುದು. ಮೊದಲ ದಿನ ಪುತ್ತೂರು, ಮಡಿಕೇರಿ ದಾರಿಯಾಗಿ ಮೈಸೂರು. ಮಾರನೆಯ ದಿನ ಪ್ರಾಣಿಗಳ ತೋಟ. ಜಿರಾಫೆ ಎಂದರೆ ಏನೆಂದು ನಾನು ಚಿತ್ರ ಬರೆದು ತೋರಿಸಿದೆ. ಸುಗಂಧಿ ನೋಡಿ, “ಚಿಕ್ಕಮ್ಮ, ಇದು ಅಡಿಕೆ ಮರ ಹತ್ತಿದ ದನದ ಹಾಗುಂಟು” ಎಂದಳು. ಅವಳು ನಗಿಸಿದ್ದು ಅದೇ ಮೊದಲು. ನಾನು ಆ ಚಿತ್ರವನ್ನು ಗೋಡೆಗೆ ಅಂಟಿಸಿದ್ದೇನೆ. ಮೂರನೆಯ ದಿನ ಕನ್ನಂಬಾಡಿ, ಸಂಜೆ ದೀಪ, ರಾತ್ರಿ ಅಲ್ಲೇ. ನಾಲ್ಕನೆಯ ದಿನ ಹೊರಟು ಹಾಸನದ ಮೇಲೆ ಚಾರ್ಮಾಡಿ ಘಟ್ಟ ಇಳಿದು ನಿಮ್ಮ ಊರಿನ ದಾರಿಯಾಗಿಯೇ ಹಿಂದೆ ಬರುವುದು.

ಸುಗಂಧಿಯ ಬಗ್ಗೆ ಒಂದು ವಿಷಯ ಕೇಳಬೇಕಿತ್ತು. ಘಟ್ಟದ ಬಸ್ಸಿನಲ್ಲಿ ಅವಳಿಗೆ ವಾಂತಿಯಾಗುತ್ತದೆಯೇ? ಇವರಿಗೆ ಗೊತ್ತಿಲ್ಲ, ಪೂವಮ್ಮತ್ತೆಗೂ ಗೊತ್ತಿಲ್ಲ. ಅವಳನ್ನೇ ಕೇಳಿದರೆ, “ಅಮ್ಮನಿಗೆ ಗೊತ್ತಿತ್ತು” ಎನ್ನುತ್ತಾಳೆ. ಪದ್ಮಾಕ್ಷಿಯಕ್ಕ ಅವಳನ್ನು ಬಸ್ಸಿನಲ್ಲಿ ಕರೆದುಕೊಂಡು ಬರುವಾಗ ಲಿಂಬೆ ಹಣ್ಣು ಕೊಡುತ್ತಿದ್ದರೇ, ಒಣಶುಂಠಿಯೇ, ಕಿಟಕಿಯ ಪಕ್ಕ ಕೂರಿಸುತ್ತಿದ್ದರೇ? ನಿಮ್ಮೊಬ್ಬರಿಗೇ ತಿಳಿದಿರಬೇಕು. ಹೀಗೆ ಎಷ್ಟೋ ಇದೆ ಅಮ್ಮಾ. ನನಗೆ ಅಡುಗೆ ಕಲಿಸುತ್ತಿರುವುದೂ ಅವಳೇ. ಬಸಳೆ ಸಾರಿಗೆ ನಾನು ಹುಣಸೆ ಹಾಕುವಾಗ ಪಕ್ಕದಲ್ಲಿ ನಿಂತಿರುತ್ತಾಳೆ. “ಸಾಕು” ಎಂದರೆ ಸಾಕು. ಆ ರುಚಿ ಎಲ್ಲಿಂದ ಬಂದದ್ದೆಂದು ನನಗೆ ಗೊತ್ತು, ತಿನ್ನುವ ಇವರಿಗೂ ಗೊತ್ತು. ನಾವು ಯಾರೂ ಹೇಳುವುದಿಲ್ಲ. ಹಿತ್ತಿಲಲ್ಲಿ ಪದ್ಮಾಕ್ಷಿಯಕ್ಕ ನೆಟ್ಟ ಮಲ್ಲಿಗೆ ಈ ವರ್ಷ ಮೈತುಂಬ ಬಿಟ್ಟಿದೆ. ಮೊದಲ ಹೂವು ಅವರ ಪಟಕ್ಕೆ, ಆಮೇಲೆ ಸುಗಂಧಿಯ ಜಡೆಗೆ, ಮಿಕ್ಕಿದರೆ ನನಗೆ. ಇದು ಯಾರೂ ಹೇಳಿ ಮಾಡಿದ ನಿಯಮವಲ್ಲ, ಹಾಗೆಯೇ ನಡೆದುಕೊಂಡು ಬಂದಿದೆ. ಲೋಕುವಿಗೆ ಅವರ ಮುಖ ಪಟದಲ್ಲಿ ನೋಡಿದ ಮುಖ ಮಾತ್ರ. ಹಾಗಾಗಿ ಸುಗಂಧಿ ಸಂಜೆ ಅವನನ್ನು ಕೂರಿಸಿಕೊಂಡು ಅಮ್ಮನ ಕಥೆ ಹೇಳುತ್ತಾಳೆ. ನಾನು ಒಳಗೆ ಅಕ್ಕಿ ತೊಳೆಯುತ್ತಾ ಕೇಳಿಸಿಕೊಳ್ಳುತ್ತೇನೆ. ನನಗೂ ಅವರ ಪರಿಚಯವಾಗುತ್ತಿದೆ.

ಈಗ ನನ್ನ ದೊಡ್ಡ ಆಸೆ. ನೀವೂ ನಮ್ಮ ಜೊತೆ ಬನ್ನಿ ಅಮ್ಮಾ. ಕೆಳಗಿನ ಕೋಣೆ ಎಂದು ಹೋಟೆಲಿನವರನ್ನು ಕೇಳಿದ್ದು ನಿಮ್ಮ ಮೊಣಕಾಲಿಗಾಗಿಯೇ. ಪೂವಮ್ಮತ್ತೆ ಬರುವುದಿಲ್ಲವಂತೆ, ಅವರಿಗೆ ಬಸ್ಸಿನ ವಾಸನೆ ಆಗುವುದಿಲ್ಲ. “ಸೇಸಮ್ಮ ಹೋಗಲಿ, ನನ್ನ ಪಾಲಿನ ಮುಳುಗನ್ನೂ ಅವರೇ ಹಾಕಲಿ” ಎಂದು ನಿಮ್ಮ ಹೆಸರು ಹೇಳಿದ್ದಾರೆ. ಧರ್ಣಪ್ಪಣ್ಣ ನಿಮ್ಮನ್ನು ಹಿಂದಿನ ದಿನ ಬಂಟ್ವಾಳಕ್ಕೆ ತಂದು ಬಿಡಲಿ. ಈ ಮನೆಯ ಹೊಸ್ತಿಲು ದಾಟಲು ನಿಮಗೆ ಕಷ್ಟವಾದರೆ ಜಗಲಿಯಲ್ಲೇ ಕುಳಿತಿರಿ. ಬಾಟಲಿಗಳನ್ನು ಸರಿಸಿ ಜಾಗ ಮಾಡಿಕೊಡುತ್ತೇವೆ, ನಾನು ಎಲೆಯನ್ನು ಅಲ್ಲಿಗೇ ತರುತ್ತೇನೆ. ಅಪ್ಪಣೆಯನ್ನೂ ಬರುವುದನ್ನೂ ಒಂದೇ ಕಾಗದದಲ್ಲಿ ತಿಳಿಸಿದರೆ ನಾನು ಇಲ್ಲಿ ಕುಣಿದಾಡುತ್ತೇನೆ.

ಪೂವಮ್ಮತ್ತೆ ನಿಮ್ಮನ್ನು ಕೇಳಿದೆನೆಂದು ಹೇಳಲು ಹೇಳಿದ್ದಾರೆ. ಇವರ ನಮಸ್ಕಾರಗಳು. ಲೋಕುವಿನದು ಅಡ್ಡ ಬೀಳುವ ನಮಸ್ಕಾರ, ಈಗ ಜಗಲಿಯಲ್ಲಿ ನಿಜವಾಗಿಯೂ ಬಿದ್ದು ತೋರಿಸಿದ್ದಾನೆ. ನಿಮ್ಮ ಆಶೀರ್ವಾದ ನಮ್ಮ ನಾಲ್ವರ ತಲೆಯ ಮೇಲಿರಲಿ.

ನಿಮ್ಮ ಮಗಳಂತಿರುವ
ದಮಯಂತಿ

ತಾ. ಕ.: ಅಂಚೆ ಚೀಲ ಕಟ್ಟುವ ಹೊತ್ತಾಯಿತು, ಇವರು ಚಪ್ಪಲಿ ಮೆಟ್ಟಿ ನಿಂತಿದ್ದಾರೆ, ಆದರೂ ಇದನ್ನು ಬರೆಯದೆ ಅಂಟಿಸಲಾರೆ. ಸುಗಂಧಿಯ ಕೈಯಿಂದಲೂ ಒಂದು ಸಾಲು ಬರೆಸೋಣವೆಂದು ಒಳಗೆ ಹೋದೆ. ಅವಳು ಪದ್ಮಾಕ್ಷಿಯಕ್ಕನ ಹಸಿರು ಟ್ರಂಕು ತೆರೆದು ಕುಳಿತಿದ್ದಳು. ಪ್ರವಾಸಕ್ಕೆ ಇನ್ನೂ ಎಷ್ಟೋ ದಿನವಿದೆ, ಟ್ರಂಕು ಆಗಲೇ ತುಂಬಿದೆ. ಹೊಸ ಲಂಗ, ಲೋಕುವಿನ ಬಿಳಿ ಅಂಗಿ, ಅದರ ಕೆಳಗೆ ಶಾಲೆಯ ಪುಸ್ತಕ, ಅವನ ಸ್ಲೇಟು, ಚೆನ್ನೆಮಣೆ, ಎಲ್ಲಕ್ಕಿಂತ ಕೆಳಗೆ ಮಳೆಗಾಲದ ಕಂಬಳಿ. “ಈ ಸೆಕೆಯಲ್ಲಿ ಕಂಬಳಿ ಎಂತಕ್ಕೆ ಮಗಾ?” ಎಂದು ನಕ್ಕೆ. ಅವಳು ತಲೆ ಎತ್ತದೆ, “ಹಿಂದೆ ಬರುವಾಗ ನಾವು ಕೆರೆ ಅಜ್ಜಿಯಲ್ಲೇ ಇಳಿಯುವುದಲ್ವಾ ಚಿಕ್ಕಮ್ಮ? ಮತ್ತೆ ಮಳೆ ಬರುವಾಗ ಯಾರು ತಂದುಕೊಡ್ತಾರೆ?” ಎಂದಳು. ಯಾರು ಹೇಳಿದ್ದೆಂದು ಕೇಳಿದೆ. “ಮಾವ ಹೇಳಿದ್ದು. ನೀವು ಪಾಯಸ ಹಾಕುವಾಗ. ನಾನು ಮಾವನ ಪಕ್ಕದಲ್ಲೇ ಊಟಕ್ಕೆ ಕೂತಿದ್ದೆ.” ಅಷ್ಟು ದಿನದಿಂದ ಅವಳಿಗೆ ಗೊತ್ತಿತ್ತು ಅಮ್ಮಾ. ಗೊತ್ತಿದ್ದೇ ನನಗೆ ಹುಣಸೆಯ ಅಳತೆ ಹೇಳಿಕೊಡುತ್ತಿದ್ದಳು. ಹೋಗಲು ಮನಸ್ಸುಂಟಾ ಎಂದು ಕೇಳಿಬಿಟ್ಟೆ, ಕೇಳಬಾರದಿತ್ತು. “ಲೋಕು ಅಳ್ತಾನೆ” ಎಂದಳು.

ಮಕ್ಕಳು ನಿಮ್ಮವರೇ. ಆ ಮಾತಿಗೆ ನಾನು ಎದುರಾಡುವುದಿಲ್ಲ. ನಿಮ್ಮ ಮಕ್ಕಳಾಗಿಯೇ ಅವರು ಈ ಮನೆಯಲ್ಲಿ ಬೆಳೆಯಲಿ ಎಂದು ಬೇಡುತ್ತೇನೆ. ಪ್ರತಿ ರಜೆಗೂ ನಾನೇ ತಂದು ನಿಮ್ಮ ಕೈಗೆ ಒಪ್ಪಿಸುತ್ತೇನೆ. ಬೇಗ ಒಪ್ಪಬೇಡಿ, ನಾಲ್ಕು ದಿನ ನಮ್ಮ ಜೊತೆ ಇದ್ದು ನನ್ನನ್ನು ನೋಡಿ, ಆಮೇಲೆ ಹೇಳಿ. ಕಂಬಳಿಯನ್ನು ನಾನು ಮುಟ್ಟಿಲ್ಲ, ಅವಳು ಮಡಚಿಟ್ಟ ಹಾಗೆಯೇ ಇದೆ. ಅದನ್ನು ತೆಗೆದು ಕಪಾಟಿನಲ್ಲಿಡಲಿ ಎಂದು ನಿಮಗೆ ಅನ್ನಿಸಿದ ದಿನ ಸುಗಂಧಿಯ ಹೆಸರಿಗೇ ಒಂದು ಕಾರ್ಡು ಹಾಕಿಸಿ. ನಾನು ಹೇಳಿದರೆ ಅವಳು ತೆಗೆಯುವುದಿಲ್ಲ. ಧರ್ಣಪ್ಪಣ್ಣ, ಬರೆಯುವ ಕೈ ನಿಮ್ಮದೇ ಅಲ್ಲವೇ? ಅಕ್ಷರ ಸ್ವಲ್ಪ ದೊಡ್ಡದಿರಲಿ. ಲೋಕು ಈಗ ಕೂಡಿಸಿ ಕೂಡಿಸಿ ಓದುತ್ತಾನೆ.